ಮರಿಗೆ ಹಾಲು ಬಿಡಿಸಲು ಪಂಚಾಂಗ ಬೇಡ, ಗೋದಲಿ ನೋಡಿ



ಕುರಿಮರಿಗೆ ಎಷ್ಟು ದಿನಕ್ಕೆ ತಾಯಿಯ ಹಾಲು ಬಿಡಿಸಬೇಕು ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ಬಹಳ ಕೇಳಿಬರುತ್ತಿದೆ. ಮೊದಲು ಈ ಪ್ರಶ್ನೆಯೇ ಇರಲಿಲ್ಲ. ತಾಯಿ ಒದ್ದು ದೂರ ಮಾಡುವ ತನಕ ಮರಿ ಕುಡಿಯುತ್ತಿತ್ತು. ಇಲ್ಲವೆ ಮೂರು ನಾಲ್ಕು ತಿಂಗಳಿಗೆ ಸಂತೆಗೆ ಹೋಗುತ್ತಿತ್ತು. ಈಗ ಊರೂರಿಗೆ ಅಟ್ಟಣಿಗೆಯ ಶೆಡ್ಡುಗಳು ಬಂದಿವೆ. 2021ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 100 ಕುರಿ, 5 ಟಗರಿನ ಘಟಕದಿಂದ ಹಿಡಿದು 500 ಕುರಿ, 25 ಟಗರಿನ ಘಟಕದವರೆಗೆ ಅರ್ಧದಷ್ಟು ಸಹಾಯಧನ ಸಿಗುತ್ತದೆ. ದಾವಣಗೆರೆಯ ವಿನೋಬನಗರದಂಥ ಬಡಾವಣೆಯಲ್ಲಿ ಮನೆ ಮಾಡಿಕೊಂಡು, ಊರಿನ ಹೊಲದಲ್ಲಿ ಶೆಡ್ ಹಾಕಿಸುವ ಓದಿದ ತರುಣರೂ ಈ ಕಸುಬಿಗೆ ಬರುತ್ತಿದ್ದಾರೆ. ಬರಲಿ, ಸಂತೋಷ. ಆದರೆ ಅವರ ಕಿವಿಗೆ ಬೀಳುತ್ತಿರುವ ಮೊದಲ ಮಾತು, "45 ದಿನಕ್ಕೆ ಮರಿ ಬಿಡಿಸಿ, ಎರಡು ವರ್ಷಕ್ಕೆ ಮೂರು ಸೂಲು ತೆಗೆಯಿರಿ" ಎಂಬುದು.

ಇನ್ನೊಂದು ಕಡೆ ಹಳೆಯ ಕುರಿಗಾರರು, "ತಾಯಿ ಹಾಲು ಕಿತ್ತುಕೊಳ್ಳುವುದು ಪಾಪ, ಮರಿ ಸಾಯುತ್ತದೆ" ಎನ್ನುತ್ತಾರೆ. ಈ ಎರಡು ಮಾತುಗಳಲ್ಲೂ ಅರ್ಧ ಸತ್ಯವಿದೆ. ನನ್ನ ಅಭಿಪ್ರಾಯ ಇಷ್ಟು: ಬೇಗ ಹಾಲು ಬಿಡಿಸುವುದು ತಪ್ಪಲ್ಲ, ಒಣ ಮೇವು ತಿನ್ನಲು ಕಲಿಯದ ಮರಿಗೆ ಹಾಲು ಬಿಡಿಸುವುದು ತಪ್ಪು. ದಿನ ಎಣಿಸಿ ತೀರ್ಮಾನ ಮಾಡಬಾರದು. ಗೋದಲಿಯಲ್ಲಿ ಮರಿ ಎಷ್ಟು ತಿಂದಿದೆ ಎಂಬುದನ್ನು ನೋಡಿ ತೀರ್ಮಾನ ಮಾಡಬೇಕು.

ಮರಿಯ ಹೊಟ್ಟೆಯೊಳಗೆ ನಡೆಯುವುದೇನು?

ಕುರಿ ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಗೆ ನಾಲ್ಕು ಕೋಣೆಗಳು. ದೊಡ್ಡ ಕುರಿಯಲ್ಲಿ ಮೊದಲ ಕೋಣೆ, ಅಂದರೆ ಮೆಲುಕು ಚೀಲವೇ ಎಲ್ಲಕ್ಕಿಂತ ದೊಡ್ಡದು. ಹುಲ್ಲು, ಸೊಪ್ಪು, ಹೊಟ್ಟು ಕೊಳೆತು ಪಾಕವಾಗುವುದು ಅಲ್ಲಿಯೇ. ಆದರೆ ಆಗತಾನೆ ಹುಟ್ಟಿದ ಮರಿಯಲ್ಲಿ ಈ ಚೀಲ ಬಹಳ ಚಿಕ್ಕದು. ನಾಲ್ಕನೆಯ ಕೋಣೆಯೇ ದೊಡ್ಡದು. ಮರಿ ಮೊಲೆ ಚೀಪಿದಾಗ ಹಾಲು ಮೆಲುಕು ಚೀಲಕ್ಕೆ ಬೀಳದೆ, ಒಂದು ಮಡಿಕೆಯ ಮೂಲಕ ನೇರವಾಗಿ ಮುಂದಕ್ಕೆ ಹರಿದುಹೋಗುತ್ತದೆ. ಮುಖ್ಯ ನಾಲೆಯ ನೀರು ಮೇಲಿನ ತೂಬು ಮುಚ್ಚಿರುವಾಗ ನೇರ ಕೊನೆಯ ಹೊಲಕ್ಕೆ ಹೋದ ಹಾಗೆ ಎಂದರೆ ಭದ್ರಾ ಅಚ್ಚುಕಟ್ಟಿನ ರೈತರಿಗೆ ಬೇಗ ತಿಳಿದೀತು.

ಹಾಗಾದರೆ ಮೆಲುಕು ಚೀಲ ಬೆಳೆಯುವುದು ಯಾವಾಗ? ಹಾಲಿನಿಂದ ಅದು ಬೆಳೆಯುವುದಿಲ್ಲ. ಮರಿ ಒಂದೊಂದು ಚಿಟಿಕೆ ಕಾಳಿನ ನುಚ್ಚು, ಒಂದೊಂದು ಎಸಳು ಸೊಪ್ಪು ತಿನ್ನತೊಡಗಿದಾಗ, ಅದು ಚೀಲದಲ್ಲಿ ಹುದುಗಿ ಹುಟ್ಟುವ ಹುಳಿ ಚೀಲದ ಒಳಗೋಡೆಯನ್ನು ಬೆಳೆಸುತ್ತದೆ. ನಾರಿನ ಮೇವು ಚೀಲವನ್ನು ಹಿಗ್ಗಿಸುತ್ತದೆ. ಎರಡನೆಯ ವಾರದಿಂದ ಇದು ಸಿಕ್ಕರೆ ಆರರಿಂದ ಎಂಟು ವಾರದೊಳಗೆ ಚೀಲ ಕೆಲಸಕ್ಕೆ ಬರುತ್ತದೆ. ಸಿಗದಿದ್ದರೆ ಮೂರು ತಿಂಗಳಾದರೂ ಆ ಮರಿ ಹೊಟ್ಟೆಯ ಲೆಕ್ಕದಲ್ಲಿ ಹಸುಗೂಸೇ. ಇಂಥ ಮರಿಗೆ 45 ದಿನಕ್ಕೆ ಹಾಲು ಬಿಡಿಸಿದರೂ ಕಷ್ಟ, 90 ದಿನಕ್ಕೆ ಬಿಡಿಸಿದರೂ ಕಷ್ಟ.

ತಾಯಿಯ ಕೆಚ್ಚಲಿನ ಲೆಕ್ಕ

ಕುರಿಯ ಹಾಲು ಈದ ಮೂರು ನಾಲ್ಕನೆಯ ವಾರಕ್ಕೆ ಏರುಮಟ್ಟ ಮುಟ್ಟುತ್ತದೆ. ಆಮೇಲೆ ಇಳಿಮುಖ. ಎರಡು ತಿಂಗಳು ತುಂಬುವ ಹೊತ್ತಿಗೆ ಹಾಲು ಬಹಳ ಕಡಿಮೆಯಾಗಿರುತ್ತದೆ. ಆದರೆ ಮರಿಯ ಹಸಿವು ಮಾತ್ರ ದಿನೇ ದಿನೇ ಏರುತ್ತಿರುತ್ತದೆ. ಒಂದು ಕಿಲೋ ತೂಕ ಏರಲು ಮರಿಗೆ ಸುಮಾರು ಐದು ಲೀಟರ್ ಹಾಲು ಬೇಕು. ನಮ್ಮ ಬಳ್ಳಾರಿ ತಳಿಯ ಕುರಿ ಹಾಲಿಗೆ ಹೆಸರಾದುದಲ್ಲ. ದಿನಕ್ಕೆ ಅರ್ಧ ಲೀಟರ್ ಸಿಕ್ಕರೆ ಮರಿ 100 ಗ್ರಾಂ ಏರಬಹುದು. ಕಾಲು ಲೀಟರಿಗೆ ಇಳಿದರೆ 50 ಗ್ರಾಂ. ಎರಡು ತಿಂಗಳ ಮೇಲೆ ಮರಿ ತಾಯಿಯ ಹಿಂದೆ ಓಡಾಡುವುದು ಹೊಟ್ಟೆ ತುಂಬಲಿಕ್ಕಲ್ಲ, ಬಹುಪಾಲು ರೂಢಿಗೆ.

ಇದರಿಂದ ನಷ್ಟ ತಾಯಿಗೆ. ಕೆಚ್ಚಲು ಜಗ್ಗಿಸಿಕೊಳ್ಳುತ್ತ ಅದು ಸೊರಗುತ್ತದೆ, ಮುಂದಿನ ಬೆದೆ ತಡವಾಗುತ್ತದೆ. ಬರದ ವರ್ಷದಲ್ಲಂತೂ ಇದು ಕಣ್ಣಿಗೇ ಕಾಣುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷ ಒಂದು ಹಿಡಿ ಕಾಳನ್ನು ತಾಯಿಗೆ ತಿನ್ನಿಸಿ ಹಾಲಾಗಿಸಿ ಮರಿಗೆ ಕುಡಿಸುವುದಕ್ಕಿಂತ, ಅದೇ ಹಿಡಿ ಕಾಳನ್ನು ನೇರವಾಗಿ ಮರಿಗೆ ತಿನ್ನಿಸುವುದು ಲಾಭ. ತಾಯಿ ಒಣ ಮೇವಿನಲ್ಲಿ ದಿನ ತಳ್ಳುತ್ತದೆ. ಬರಗಾಲದಲ್ಲಿ ಆಸ್ಟ್ರೇಲಿಯದ ಕುರಿಗಾರರು ಎಂಟು ಹತ್ತು ವಾರಕ್ಕೇ ಮರಿ ಬೇರ್ಪಡಿಸುವುದು ಇದೇ ಕಾರಣಕ್ಕೆ. ಆದರೆ ಅವರು ಬೇರ್ಪಡಿಸಿದ ಮರಿಗೆ ಇದ್ದುದರಲ್ಲಿ ಅತ್ಯುತ್ತಮ ಮೇವನ್ನು ಮೀಸಲಿಡುತ್ತಾರೆ. ಈ ಎರಡನೆಯ ಮಾತನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ.

ಫ್ರಾನ್ಸಿನಲ್ಲಿ ಲಕೋನ್ ಎಂಬ ತಳಿಯ ಮರಿಗಳನ್ನು ತಿಂಗಳಿಗೇ ತಾಯಿಯಿಂದ ಬಿಡಿಸುತ್ತಾರೆ. ಏಕೆಂದರೆ ಅಲ್ಲಿ ಕುರಿಹಾಲಿನಿಂದ ರೋಕ್‌ಫೋರ್ ಎಂಬ ಬೆಲೆಬಾಳುವ ಗಿಣ್ಣು ತಯಾರಾಗುತ್ತದೆ. ಹಾಲಿನ ದುಡ್ಡಿನಲ್ಲಿ ಮರಿಯ ಮೇವು ಬರುತ್ತದೆ. ನಮ್ಮಲ್ಲಿ ಕುರಿಹಾಲಿಗೆ ಡೇರಿಯಿಲ್ಲ. ಆದ್ದರಿಂದ ಅವರ ದಿನದ ಲೆಕ್ಕವನ್ನು ತಂದು ನಮ್ಮ ರೊಪ್ಪಕ್ಕೆ ಅಂಟಿಸುವುದು ಅರ್ಥವಿಲ್ಲದ ಕೆಲಸ.

ಎರಡು ವರ್ಷಕ್ಕೆ ಮೂರು ಸೂಲು

ಈ ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇದೆ. ಕುರಿಯ ಗರ್ಭಾವಧಿ ಸುಮಾರು 150 ದಿನ. 60 ದಿನಕ್ಕೆ ಮರಿ ಬಿಡಿಸಿ, 30 ದಿನ ತಾಯಿಗೆ ಮೈದುಂಬಲು ಕೊಟ್ಟು, 90ನೆಯ ದಿನದ ಹೊತ್ತಿಗೆ ಗರ್ಭ ನಿಂತರೆ 240 ದಿನಕ್ಕೆ ಮತ್ತೆ ಈಯುತ್ತದೆ. ಎಂಟು ತಿಂಗಳಿಗೊಂದು ಸೂಲು. ಎರಡು ವರ್ಷಕ್ಕೆ ಮೂರು. ಆದರೆ ಈ ಲೆಕ್ಕದ ಆಧಾರವೆಲ್ಲ ಆ ನಡುವಿನ 30 ದಿನ. ಆ ತಿಂಗಳಲ್ಲಿ ತಾಯಿಗೆ ಹಸಿರು ಮೇವು, ದಿನಕ್ಕೆ ಕಾಲು ಕಿಲೋದಷ್ಟು ಕಾಳಿನ ಮಿಶ್ರಣ ಸಿಗಬೇಕು. ಅದಿಲ್ಲದೆ ಮರಿಯನ್ನಷ್ಟೇ ಬೇಗ ಬಿಡಿಸಿದರೆ ತಾಯಿಯೂ ಬೆದೆಗೆ ಬರುವುದಿಲ್ಲ, ಮರಿಯೂ ಉಳಿಯುವುದಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂಬ ಗಾದೆ ಇಂಥವರನ್ನು ಕಂಡೇ ಹುಟ್ಟಿರಬೇಕು. ಬ್ಯಾಂಕಿನ ಯೋಜನಾ ವರದಿಯಲ್ಲಿ ಮೂರು ಸೂಲು ಬರೆದುಕೊಟ್ಟವರು ಸಾಲದ ಕಂತು ಕಟ್ಟಲು ಬರುವುದಿಲ್ಲ.

ಅವಳಿ ಮರಿಯ ಮಾತೂ ಇಲ್ಲಿಯೇ ಬರುತ್ತದೆ. ಬಂಗಾಳದ ಸುಂದರಬನದ ಗರೋಲ್ ಕುರಿಯ ಅವಳಿ ಹೆರುವ ಗುಣವನ್ನು ದಖನಿ ಕುರಿಗೆ ತಂದು ಮಹಾರಾಷ್ಟ್ರದ ಫಲ್ಟಣದ ನಿಂಬ್ಕರ್ ಸಂಸ್ಥೆಯವರು ನಾರಿ ಸುವರ್ಣ ತಳಿ ಬೆಳೆಸಿದರು. ಅದು ನಮ್ಮ ಕಡೆಗೂ ಬಂದಿದೆ. ಮರಿ ಎರಡಾದರೂ ಕೆಚ್ಚಲು ಒಂದೇ. ಅವಳಿ ಮರಿಗೆ ಎರಡನೆಯ ವಾರದಿಂದ ಮೇವು ಕಲಿಸುವುದು ಐಚ್ಛಿಕವಲ್ಲ, ಕಡ್ಡಾಯ.

ಯಾರು ಬೇಗ ಬಿಡಿಸಬಹುದು, ಯಾರು ಬಿಡಿಸಬಾರದು?

ಮೊದಲನೆಯದಾಗಿ, ವಲಸೆ ಹಿಂಡು. ಜಗಳೂರು, ಚಳ್ಳಕೆರೆ, ಹಿರಿಯೂರು ಕಡೆಯ ಬೆದ್ದಲು ಸೀಮೆಯಿಂದ ಕೊಯ್ಲಿನ ಕಾಲಕ್ಕೆ ದಾವಣಗೆರೆ, ಹರಿಹರದ ಗದ್ದೆ ಬಯಲಿಗೆ ಬಂದು ಮಂದೆ ಕೂರಿಸುವವರು. ಇವರಿಗೆ ನನ್ನ ಸಲಹೆ, ಮೂರು ತಿಂಗಳ ಒಳಗೆ ಹಾಲು ಬಿಡಿಸಬೇಡಿ. ದಿನಕ್ಕೊಂದು ಹೊಲದಲ್ಲಿ ತಂಗುವಾಗ ಮರಿಗೆ ಬೇರೆ ಗೂಡು, ಬೇರೆ ಮೇವು ಕೊಡುವುದು ಆಗದ ಮಾತು. ಗದ್ದೆಯ ಕೂಳೆ, ಬತ್ತದ ಹುಲ್ಲು ದೊಡ್ಡ ಕುರಿಗೇ ಸಾಲದು. ಮರಿಗಂತೂ ಅದರಲ್ಲಿ ಸತ್ವವಿಲ್ಲ. ಇಲ್ಲಿ ತಾಯಿಯ ಹಾಲೇ ಮರಿಯ ವಿಮೆ.

ಎರಡನೆಯದಾಗಿ, ಊರಲ್ಲೇ ಇದ್ದು ಹಗಲು ಮೇಯಿಸಿ ರಾತ್ರಿ ರೊಪ್ಪಕ್ಕೆ ತರುವ ಇಪ್ಪತ್ತು ಐವತ್ತು ಕುರಿಯವರು. ಇವರಲ್ಲಿ ಮರಿ ಹಗಲೆಲ್ಲ ಮನೆಯಲ್ಲೇ ಉಳಿಯುತ್ತದೆ. ನೋಡಿಕೊಳ್ಳುವವರು ಮನೆಯ ಹೆಂಗಸರು, ವಯಸ್ಸಾದವರು. ಇದು ಮೇವು ಕಲಿಸಲು ಹೇಳಿ ಮಾಡಿಸಿದ ಹೊತ್ತು. ಇವರು 75 ದಿನದ ಆಸುಪಾಸಿನಲ್ಲಿ ಬಿಡಿಸಬಹುದು.

ಮೂರನೆಯದಾಗಿ, ಶೆಡ್ಡಿನಲ್ಲಿ ಕಟ್ಟಿ ಮೇಯಿಸುವವರು. ಇವರಿಗೆ 60 ದಿನ ಸೂಕ್ತ. 45 ದಿನದ ಮಾತು ಹಾಲಿನ ಪುಡಿ, ಕಾರ್ಖಾನೆಯ ಮರಿ ಆಹಾರ, ಹಗಲಿರುಳು ಆಳು ಇರುವವರಿಗೆ ಬಿಟ್ಟದ್ದು. ನಮ್ಮ ರೈತರಿಗೆ ಅದನ್ನು ನಾನು ಹೇಳಲಾರೆ.

ಈ ಯಾವ ದಿನವೂ ಶಾಸನವಲ್ಲ. ಕೆಳಗಿನ ಮೂರು ಗುರುತುಗಳು ಕೂಡಿಬಂದರೆ ಮಾತ್ರ ಬಿಡಿಸಿ. ಒಂದು, ಮರಿಯ ತೂಕ ಹುಟ್ಟಿದಾಗಿನ ಮೂರರಷ್ಟಾಗಿರಬೇಕು. ಮೂರು ಕಿಲೋದ ಮರಿ ಒಂಬತ್ತು ಕಿಲೋ. ಎರಡು, ಮೂರು ದಿನ ಸತತವಾಗಿ ದಿನಕ್ಕೆ 200 ಗ್ರಾಂ ಮೇಲ್ಪಟ್ಟು ಮಿಶ್ರಣ ತಿಂದಿರಬೇಕು. ಮೂರು, ಮಲಗಿ ಮೆಲುಕು ಹಾಕುವುದು ನಿಮ್ಮ ಕಣ್ಣಿಗೆ ಬಿದ್ದಿರಬೇಕು. ಒಂದೇ ದಿನ ಹುಟ್ಟಿದ ಹತ್ತು ಮರಿಗಳಲ್ಲಿ ಏಳು ಸಿದ್ಧವಾಗಿ ಮೂರು ಸಿದ್ಧವಾಗದಿದ್ದರೆ, ಆ ಮೂರನ್ನು ಇನ್ನೆರಡು ವಾರ ತಾಯಿಯ ಬಳಿ ಬಿಡಿ. ಅವುಗಳನ್ನೂ ಸಾಲಿಗೆ ಸೇರಿಸಿದರೆ ಸಾಯುವುದು ಅವೇ.

ಮಾಡುವ ಕ್ರಮ

ಕೆಲಸ ಶುರುವಾಗುವುದು ಹುಟ್ಟಿದ ದಿನವೇ. ಮೊದಲ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಹೊಟ್ಟೆಗೆ ಹೋಗಬೇಕು. ಮೊದಲ ದಿನದಲ್ಲಿ ಮರಿಯ ತೂಕದ ಹತ್ತನೆಯ ಒಂದು ಭಾಗದಷ್ಟಾದರೂ ಕುಡಿಯಬೇಕು. ಮೂರು ಕಿಲೋದ ಮರಿಗೆ 300 ಗ್ರಾಂ. ಗಿಣ್ಣು ಹಾಲು ತಪ್ಪಿದ ಮರಿಗೆ ಮುಂದೆ ಯಾವ ಮೇವೂ ಆ ಕೊರತೆ ತುಂಬಿಕೊಡದು.

ಹದಿನೈದನೆಯ ದಿನದಿಂದ ನುಸುಳು ಗೂಡು ಮಾಡಿ. ರೊಪ್ಪದ ಒಂದು ಮೂಲೆಗೆ ಬಿದಿರು ಗಳದ ತಡಿಕೆ ಕಟ್ಟಿ, ಗಳಗಳ ನಡುವೆ ಆರೇಳು ಅಂಗುಲ ಸಂದು ಬಿಟ್ಟರೆ ಮರಿ ನುಸುಳುತ್ತದೆ, ತಾಯಿ ನುಸುಳಲಾರದು. ಒಳಗೆ ಒಂದು ಉದ್ದ ತೊಟ್ಟಿಯಲ್ಲಿ ಮಿಶ್ರಣ, ಒಂದರಲ್ಲಿ ಶುದ್ಧ ನೀರು, ಮೇಲೆ ಮರಿಯ ಬಾಯಿಗೆ ಎಟಕುವಂತೆ ಸೊಪ್ಪಿನ ಕಟ್ಟು. ಅಗಸೆ, ಸುಬಾಬುಲ್, ಹಾಲುವಾಣ, ಬೇವು ಯಾವುದಾದರೂ ಸರಿ. ಒಣಗಿದ ಶೇಂಗಾ ಬಳ್ಳಿ, ತೊಗರಿ ಹೊಟ್ಟು ಇದ್ದವರು ಪುಣ್ಯವಂತರು.

100 ಕಿಲೋ ಮಿಶ್ರಣಕ್ಕೆ ಮೆಕ್ಕೆಜೋಳದ ನುಚ್ಚು 40, ಶೇಂಗಾ ಹಿಂಡಿ 30, ಗೋಧಿ ಬೂಸಾ 20, ಕಡಲೆ ಹೊಟ್ಟು 6, ಖನಿಜ ಮಿಶ್ರಣ 2, ಕ್ಯಾಲ್ಸೈಟ್ ಪುಡಿ 1, ಉಪ್ಪು 1 ಕಿಲೋ. ಇದರಲ್ಲಿ ನೂರಕ್ಕೆ 18ಕ್ಕೂ ಹೆಚ್ಚು ಸಸಾರಜನಕ ಸಿಗುತ್ತದೆ. ಯೂರಿಯಾ ಸೇರಿಸಲೇಬಾರದು.

ಖರ್ಚಿನ ಅಂದಾಜು ನೀವೇ ಮಾಡಿ. 15ರಿಂದ 30 ದಿನದವರೆಗೆ ದಿನಕ್ಕೆ 30 ಗ್ರಾಂ, 45ರವರೆಗೆ 100 ಗ್ರಾಂ, 60ರವರೆಗೆ 200 ಗ್ರಾಂ ಎಂದಿಟ್ಟುಕೊಂಡರೆ ಎರಡು ತಿಂಗಳಿಗೆ ಮರಿಯೊಂದಕ್ಕೆ ಐದು ಕಿಲೋ ಸಾಕು. ಅಲ್ಲಿಂದ 90 ದಿನದವರೆಗೆ ದಿನಕ್ಕೆ 300 ಗ್ರಾಂನಂತೆ ಒಂಬತ್ತು ಕಿಲೋ. ಒಟ್ಟು 14 ಕಿಲೋ. ಇದಕ್ಕೆ ನಿಮ್ಮೂರಿನ ದರ ಹಾಕಿ, ಒಂದು ಮರಿಯ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಇಪ್ಪತ್ತು ಮರಿಗೆ 280 ಕಿಲೋ ಬೇಕು. ಇಷ್ಟು ಮನೆಯಲ್ಲಿಲ್ಲದವರು ಮರಿ ಬೇಗ ಬಿಡಿಸುವ ಯೋಚನೆಯನ್ನೇ ಬಿಡುವುದು ಒಳ್ಳೆಯದು.

ಬಿಡಿಸುವ ದಿನ ಮರಿಯನ್ನು ಸಾಗಿಸಬೇಡಿ, ತಾಯಿಯನ್ನು ಸಾಗಿಸಿ. ಮರಿ ತನಗೆ ಗೊತ್ತಿರುವ ಗೂಡು, ಗೊತ್ತಿರುವ ತೊಟ್ಟಿ, ಗೊತ್ತಿರುವ ಜೊತೆಗಾರರ ನಡುವೆ ಇದ್ದರೆ ಎರಡು ಮೂರು ದಿನ ಕೂಗಿ ಸುಮ್ಮನಾಗುತ್ತದೆ. ತಾಯಿಯ ದನಿ ಕೇಳಿಸದಷ್ಟು ದೂರವಿದ್ದರೆ ಇನ್ನೂ ಒಳ್ಳೆಯದು. ತಾಯಿಗೆ ಎರಡು ದಿನ ಮೊದಲಿನಿಂದ ಕಾಳು ನಿಲ್ಲಿಸಿ, ಒಣ ಮೇವು ಮಾತ್ರ ಕೊಡಿ. ಹಾಲು ತಾನೇ ಇಂಗುತ್ತದೆ. ಕೆಚ್ಚಲು ಬಿಗಿಯಿತೆಂದು ದಿನವೂ ಹಿಂಡಿದರೆ ಹಾಲು ಮತ್ತೆ ಇಳಿಯುತ್ತದೆ. ಮೊಲೆಗೆ ಸೆಗಣಿ ಬಳಿಯುವ ರೂಢಿಯನ್ನು ಬಿಟ್ಟುಬಿಡಿ. ಅದು ಕೆಚ್ಚಲು ಬಾವನ್ನು ಕರೆದು ತರುವ ದಾರಿ.

ನಾನು ಕೃಷಿ ಓದಿದವನು, ಪಶುವೈದ್ಯನಲ್ಲ. ಲಸಿಕೆ, ಔಷಧದ ಪ್ರಮಾಣವನ್ನು ನಿಮ್ಮ ಪಶು ಆಸ್ಪತ್ರೆಯಲ್ಲೇ ಕೇಳಬೇಕು. ಆದರೆ ಒಂದು ಮಾತು: ಕರುಳು ಬೇನೆಯ ಲಸಿಕೆ, ಜಂತುನಾಶಕ, ಬೀಜ ಒಡೆಯುವುದು, ಹಾಲು ಬಿಡಿಸುವುದು ಇವೆಲ್ಲವನ್ನೂ ಒಂದೇ ವಾರ ಮಾಡಬೇಡಿ. ಒಂದೊಂದಕ್ಕೂ ಅಂತರ ಕೊಡಿ. ಬಿಡಿಸಿದ ವಾರದಲ್ಲಿ ಮರಿ ಬಳಲಿರುತ್ತದೆ.

ನಮ್ಮ ಸೀಮೆಯ ಅಪಾಯಗಳು

ದಾವಣಗೆರೆ ಮೆಕ್ಕೆಜೋಳದ ಸೀಮೆ. ಕೈಗೆ ಸಿಗುವುದೂ ಅದೇ, ಅಗ್ಗವೂ ಅದೇ. ಹಾಲು ಬಿಟ್ಟ ಮರಿ ಹಸಿದಿದೆಯೆಂದು ಒಮ್ಮೆಲೇ ಬುಟ್ಟಿ ತುಂಬ ಜೋಳ ಸುರಿದರೆ ಹೊಟ್ಟೆ ಹುಳಿಯಾಗಿ ಒಂದೆರಡು ದಿನದಲ್ಲಿ ಮರಿ ಕಾಲು ಚಾಚುತ್ತದೆ. ಕಾಳನ್ನು ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ, ಮುಗ್ಗಿದ ಶೇಂಗಾ ಹಿಂಡಿ ಮರಿಗೆ ವಿಷ. ಮಾರಾಟಕ್ಕೆ ಬಾರದ್ದು ಮರಿಗಿರಲಿ ಎಂಬ ಬುದ್ಧಿ ಬೇಡ.

ಕೋಳಿ ಆಹಾರವನ್ನು ಕುರಿಮರಿಗೆ ಹಾಕುವ ಚಾಳಿಯನ್ನು ನಿಲ್ಲಿಸಬೇಕು. ದನಕ್ಕೆಂದು ಮಾಡಿದ ಖನಿಜ ಮಿಶ್ರಣವೂ ಬೇಡ. ಕುರಿಯ ಪಿತ್ತಜನಕಾಂಗ ತಾಮ್ರವನ್ನು ಹೊರಹಾಕಲಾರದೆ ಕೂಡಿಟ್ಟುಕೊಳ್ಳುತ್ತದೆ. ತಿಂಗಳುಗಟ್ಟಲೆ ಚೆನ್ನಾಗಿದ್ದ ಮರಿ ಒಂದು ದಿನ ಇದ್ದಕ್ಕಿದ್ದಂತೆ ಬೀಳುತ್ತದೆ. ಚೀಲದ ಮೇಲೆ ಕುರಿಗೆ ಎಂದು ಬರೆದಿದೆಯೇ ನೋಡಿ ಕೊಳ್ಳಿ.

ಸಂತೆಯ ದಿನವೇ ಹಾಲು ಬಿಡಿಸುವ ದಿನವಾಗಬಾರದು

ಇಷ್ಟೆಲ್ಲ ಬರೆಯಲು ಮುಖ್ಯ ಕಾರಣ ಇದು. ನಮ್ಮಲ್ಲಿ ಬಹುಪಾಲು ಗಂಡುಮರಿಗಳಿಗೆ ಹಾಲು ಬಿಡಿಸುವವನು ಸಾಕಿದವನಲ್ಲ, ಸಂತೆಯ ಗಾಡಿ. ಬೆಳಗಿನ ಜಾವ ತಾಯಿಯ ಮೊಲೆಯಿಂದ ಕಿತ್ತು, ಗೂಡ್ಸ್ ಗಾಡಿಗೆ ತುಂಬಿ, ಬಿಸಿಲಲ್ಲಿ ದಿನವಿಡೀ ನಿಲ್ಲಿಸಿ, ಸಂಜೆಗೆ ಬೇರೆ ಊರಿನ ಶೆಡ್ಡಿನಲ್ಲಿ ಇಳಿಸುತ್ತೇವೆ. ತಾಯಿ ಇಲ್ಲ, ಹಾಲು ಇಲ್ಲ, ನೀರು ಬೇರೆ, ಮೇವು ಬೇರೆ, ಹತ್ತೂರ ಮರಿಗಳ ರೋಗ ಬೇರೆ. ಬಕ್ರೀದಿಗೆ ಟಗರು ಬೆಳೆಸಲು ಸಾಲ ಮಾಡಿ ಇಪ್ಪತ್ತು ಮರಿ ಕೊಂಡ ರೈತನಿಗೆ ಮೊದಲ ಎರಡು ವಾರದಲ್ಲೇ ಮರಿಗಳು ಉದುರತೊಡಗುತ್ತವೆ. ಆತ ಮಾರಿದವನನ್ನು ಬೈಯುತ್ತಾನೆ, ಲಸಿಕೆಯನ್ನು ಬೈಯುತ್ತಾನೆ, ಹಣೆಬರಹವನ್ನು ಬೈಯುತ್ತಾನೆ. ಕಾರಣವಿರುವುದು ನಾಲ್ಕು ಪೆಟ್ಟುಗಳನ್ನು ಒಂದೇ ದಿನ ಮರಿಯ ಮೇಲೆ ಹಾಕಿದ್ದರಲ್ಲಿ.

ಸಂತೆಗೆ ಹದಿನೈದು ದಿನ ಮೊದಲು ನಿಮ್ಮ ರೊಪ್ಪದಲ್ಲೇ ಹಾಲು ಬಿಡಿಸಿ, ಮೇವು ಕಲಿಸಿ ಒಯ್ಯಿರಿ. ಮಾರುವಾಗ, "ಈ ಮರಿ ಕಾಳು ತಿನ್ನುತ್ತದೆ" ಎಂದು ಹೇಳಿ ಎರಡು ಕಾಸು ಹೆಚ್ಚು ಕೇಳಿ. ಕೊಳ್ಳುವವರೂ ಕೊಡಲು ಕಲಿಯಬೇಕು. ಬಾಯಿಗೆ ಒಂದು ಹಿಡಿ ನುಚ್ಚು ಹಿಡಿದು ನೋಡಿ; ಮೂಸಿ ಹಿಂದೆ ಸರಿಯುವ ಮರಿಯನ್ನು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಅಮೀನಗಡದಂಥ ದೊಡ್ಡ ಕುರಿಸಂತೆಯಿಂದ ಹಿಡಿದು ನಿಮ್ಮ ಹೋಬಳಿಯ ವಾರದ ಸಂತೆಯವರೆಗೆ ಈ ಒಂದು ಪದ್ಧತಿ ಬಂದರೆ ಎರಡೂ ಕಡೆಯ ರೈತರು ಉಳಿಯುತ್ತಾರೆ.

ಇಲಾಖೆಗಳಿಗೂ ಒಂದು ಮಾತು ಹೇಳಬೇಕಾಗಿದೆ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳು ಸುಮಾರು 1 ಕೋಟಿ 11 ಲಕ್ಷ. ದೇಶದಲ್ಲಿ ತೆಲಂಗಾಣ, ಆಂಧ್ರದ ನಂತರದ ಸ್ಥಾನ ನಮ್ಮದು. ಆದರೂ ಆಕಸ್ಮಿಕವಾಗಿ ಸತ್ತ ಕುರಿಗೆ ಸರ್ಕಾರ ಕೊಡುವ ಅನುಗ್ರಹ ಪರಿಹಾರ ಮೂರು ತಿಂಗಳು ತುಂಬಿದ ಮರಿಯಿಂದ ಶುರುವಾಗುತ್ತದೆ. ಅದಕ್ಕಿಂತ ಎಳೆಯ ಮರಿ ಸತ್ತರೆ ರೈತನ ಕೈ ಬರಿದು. ಎಳೆಮರಿಯ ಸಾವಿಗೆ ಪರಿಹಾರ ಕೊಡಲಾಗದಿದ್ದರೆ ಬೇಡ. ಅದು ಸಾಯದಂತೆ ನೋಡಿಕೊಳ್ಳಲು ಊರಿಗೊಂದು ತೂಗುತಕ್ಕಡಿ, ಸಹಕಾರ ಸಂಘದ ಮೂಲಕ ಮರಿ ಆಹಾರ ಒದಗಿಸಲಿ. ಸಹಾಯಧನದ ಶೆಡ್ಡಿಗೆ ಅನುಮತಿ ಕೊಡುವ ಮೊದಲು ಮೇವಿನ ಹೊಲ ಎಲ್ಲಿದೆ ಎಂದು ಕೇಳಲಿ.

ನೀವು ಮಾಡಬೇಕಾದುದು ದೊಡ್ಡದೇನಲ್ಲ. ಈ ಬಾರಿ ಈಯುವ ಕುರಿಗಳ ಮರಿ ಹುಟ್ಟಿದ ದಿನವನ್ನೂ ತೂಕವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಹದಿನೈದು ದಿನಕ್ಕೊಮ್ಮೆ ತೂಗಿ ಅದರ ಮುಂದೆ ಬರೆಯಿರಿ. ಓದು ಬರಹ ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿ. ಸಂದೇಹ ಬಂದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ನಿಮ್ಮ ಪಶು ಆಸ್ಪತ್ರೆಗೋ ಆ ನೋಟುಬುಕ್ಕನ್ನೇ ತೆಗೆದುಕೊಂಡು ಹೋಗಿ. ಎಷ್ಟು ದಿನಕ್ಕೆ ಹಾಲು ಬಿಡಿಸಬೇಕು ಎಂದು ಆಗ ಯಾರನ್ನೂ ಕೇಳಬೇಕಾಗುವುದಿಲ್ಲ. ಉತ್ತರ ನಿಮ್ಮ ನೋಟುಬುಕ್ಕಿನಲ್ಲೇ ಇರುತ್ತದೆ.

— ಕೃಷಿ ವಿಸ್ತರಣಾ ಅಧಿಕಾರಿ, ವಿನೋಬನಗರ, ದಾವಣಗೆರೆ